ಯಾರು ಹೋಗುತ್ತೀರಿ ಎಂದು ಕೇಳಿದಾಗ

ಮಗನಿಗೆ ಹದಿನೆಂಟು ತುಂಬಿ ಮೂರು ವಾರಕ್ಕೆ ಆ ಕಾಗದ ಬಂತು. ಕರೆಂಟ್ ಬಿಲ್ಲು, ಪಿಜ್ಜಾ ಅಂಗಡಿಯ ಕೂಪನ್ನು, ಕಾಲೇಜುಗಳ ಬಣ್ಣಬಣ್ಣದ ಕಾರ್ಡುಗಳ ನಡುವೆ ಸಿಕ್ಕಿಕೊಂಡಿತ್ತು. ಮೂಲೆಯಲ್ಲಿ ಸೆಲೆಕ್ಟಿವ್ ಸರ್ವಿಸ್ ಎಂದು ಅಚ್ಚಾಗಿತ್ತು, ಅಮೆರಿಕದಲ್ಲಿ ಸೈನ್ಯಕ್ಕೆ ಕರೆಯಬಹುದಾದವರ ಹೆಸರು ಬರೆದಿಡುವ ಇಲಾಖೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಉರಿ ಆರಿಸಿ ನಿಂತಲ್ಲೇ ಓದಿದೆ. ಹದಿನೆಂಟು ತುಂಬಿದ ಗಂಡುಮಕ್ಕಳು ಮೂವತ್ತು ದಿನದೊಳಗೆ ಹೆಸರು ನೋಂದಾಯಿಸಬೇಕು ಎಂದಿತ್ತು. ಇಲ್ಲಿ ಹುಟ್ಟಿದವರಾದರೂ ಸರಿ, ನಮ್ಮಂತೆ ಗ್ರೀನ್ ಕಾರ್ಡ್ ಹಿಡಿದು ಬಂದವರಾದರೂ ಸರಿ. ದೇಶಕ್ಕೆ ಎಂದಾದರೂ ಸೈನಿಕರ ಅಗತ್ಯ ಬಿದ್ದರೆ ಕರೆಯುವ ಪಟ್ಟಿ ಅದು.

ಈಗ ಇಲ್ಲಿ ಕಡ್ಡಾಯ ಸೇನಾ ಸೇವೆ ಇಲ್ಲ. 1973ರಲ್ಲೇ ನಿಂತಿದೆ. ಹೆಸರು ಬರೆಸುವುದಷ್ಟೇ, ಯಾರೂ ಕರೆದೊಯ್ಯುವುದಿಲ್ಲ. ಮಗ ಊಟದ ಮೇಜಿನ ಮೇಲೆ ಫೋನಿನಲ್ಲೇ ಎರಡು ನಿಮಿಷದಲ್ಲಿ ಅದನ್ನು ತುಂಬಿ ಮುಗಿಸಿ, ಇನ್ನೊಂದು ಚಪಾತಿ ಹಾಕಮ್ಮ ಅಂದ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಸಿಪಾಯಿಯ ಮಗಳು. ಸೋಮವಾರಪೇಟೆ ಕಡೆಯವರು ನಾವು. ಅಪ್ಪ ಬೆಂಗಳೂರಿನ ಎಂಇಜಿಯಲ್ಲಿ, ಅಂದರೆ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ, ಹವಾಲ್ದಾರರಾಗಿ ನಿವೃತ್ತರಾದವರು. ನಮ್ಮ ಮನೆಯ ಅಟ್ಟದ ಮೇಲೆ ಕಪ್ಪು ಬಣ್ಣದ ತಗಡಿನ ಟ್ರಂಕು ಈಗಲೂ ಇದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ನಂಬರು, ರ‍್ಯಾಂಕು, ಹೆಸರು. ಚಿಕ್ಕವಳಿದ್ದಾಗ ಅಪ್ಪ ರಜೆಗೆ ಬಂದರೆ ಆ ಟ್ರಂಕಿನ ಬೀಗ ತೆಗೆಯುವ ಸದ್ದೇ ನಮಗೆ ಹಬ್ಬ. ಸೈನ್ಯ ಎಂದರೆ ನನ್ನ ಪಾಲಿಗೆ ಹೆದರಿಕೆಯ ವಿಷಯ ಆಗಿರಲಿಲ್ಲ. ಆದರೆ ನಮ್ಮ ಕಡೆ ಸೈನ್ಯಕ್ಕೆ ಹೋಗುವುದು ಅಂದರೆ ‘ಭರ್ತಿ ಆಗುವುದು’. ಹುಡುಗ ತಾನಾಗಿ ಹೋಗಿ ಸಾಲಿನಲ್ಲಿ ನಿಂತು, ಓಡಿ, ಎದೆಯ ಅಳತೆ ಕೊಟ್ಟು ಆಯ್ಕೆ ಆಗುತ್ತಾನೆ. ಆಯ್ಕೆ ಆಗದವನು ಅತ್ತುಕೊಂಡು ಬರುತ್ತಾನೆ. ಬೇಡ ಅನ್ನುವವನನ್ನು ಹಿಡಿದುಕೊಂಡು ಹೋಗುವ ಸೈನ್ಯ ನಮ್ಮ ಊರಿನ ನೆನಪಿನಲ್ಲೇ ಇಲ್ಲ.

ಮರುದಿನ ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ್ದೂ ಅದನ್ನೇ. "ಏನವ್ವಾ, ಇಷ್ಟ ಇಲ್ಲದೋನ್ನ ಕರ್ಕೊಂಡು ಹೋಗಿ ಕೈಗೆ ಬಂದೂಕು ಕೊಟ್ರೆ ಅವನು ಯುದ್ಧ ಮಾಡ್ತಾನಾ?"

ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಸಿಕ್ಕವನು ಅಬ್ರಹಾಂ ಕ್ರೊಟೊಶಿನ್ಸ್ಕಿ. ನೂರು ವರ್ಷದ ಹಿಂದಿನ ಮನುಷ್ಯನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ ಅನ್ನಿಸಬಹುದು. ಅವನ ಕಥೆ ನಡೆದಾಗ ಅವನಿಗೆ ಇಪ್ಪತ್ತಾರು. ನನ್ನ ತಂಗಿಯ ದೊಡ್ಡ ಮಗನ ವಯಸ್ಸು. ಬಹುವಚನ ನಾಲಿಗೆಗೆ ಬರುತ್ತಿಲ್ಲ.

ಅವನು ಹುಟ್ಟಿದ್ದು 1892ರಲ್ಲಿ, ಈಗಿನ ಪೋಲೆಂಡಿನ ಪ್ವೊಟ್ಸ್ಕ್ ಎಂಬ ಊರಿನಲ್ಲಿ. ಆಗ ಅದು ರಷ್ಯಾದ ತ್ಸಾರ್ ದೊರೆಯ ಆಳ್ವಿಕೆಗೆ ಸೇರಿತ್ತು. ಯಹೂದಿಗಳ ಮನೆಯ ಹುಡುಗ. ಅಲ್ಲಿ ಗಂಡುಮಕ್ಕಳಿಗೆ ಸೇನಾ ಸೇವೆ ಕಡ್ಡಾಯ. ಯಹೂದಿ ಮನೆಗಳಲ್ಲಿ ಆ ಕಡ್ಡಾಯಕ್ಕೆ ಬೇರೆಯದೇ ನೆನಪಿತ್ತು. 1827ರಿಂದ ಸುಮಾರು ಮೂವತ್ತು ವರ್ಷ ಹನ್ನೆರಡು ವರ್ಷದ ಹುಡುಗರನ್ನೂ ಮನೆಯಿಂದ ಎಳೆದುಕೊಂಡು ಹೋಗುತ್ತಿದ್ದರು. ದೊಡ್ಡವರಾದ ಮೇಲೆ ಇಪ್ಪತ್ತೈದು ವರ್ಷ ಸೈನ್ಯದಲ್ಲಿ ದುಡಿಯಬೇಕು. ಧರ್ಮ ಬದಲಾಯಿಸು ಎಂಬ ಒತ್ತಡ ಬೇರೆ. ಮಗ ಹೋದ ಎಂದರೆ ಹೋದ ಹಾಗೇ. ಅಜ್ಜಿಯರು ಹೇಳುತ್ತಿದ್ದದ್ದು ಅಂಥ ಕಥೆಗಳನ್ನು. ಅವನ ಕಾಲಕ್ಕೆ ಆ ಪದ್ಧತಿ ಹೋಗಿತ್ತು, ಸೇವೆಯ ಅವಧಿಯೂ ಇಳಿದಿತ್ತು. ಆದರೆ ಯಹೂದಿಗಳ ಬೀದಿಗಳಿಗೆ ನುಗ್ಗಿ ಕೊಲ್ಲುವ ಗುಂಪುಗಳು ಹೋಗಿರಲಿಲ್ಲ. ಅಂಥ ಗುಂಪನ್ನು ತಡೆಯದ ಸರ್ಕಾರದ ಸಮವಸ್ತ್ರವನ್ನೇ ಅವನು ಹಾಕಬೇಕಿತ್ತು.

1912ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಅವನು ಅಮೆರಿಕಕ್ಕೆ ಬಂದುಬಿಟ್ಟ. ಬಂದದ್ದು ಸೈನ್ಯ ತಪ್ಪಿಸಿಕೊಳ್ಳಲಿಕ್ಕೆಂದೇ. ಇದನ್ನು ಅವನೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾನೆ. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಕ್ಷೌರದ ಕೆಲಸ ಹಿಡಿದ.

ಐದು ವರ್ಷ ಕಳೆಯಿತು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು, ಮೇ ತಿಂಗಳಲ್ಲಿ ಕಡ್ಡಾಯ ಸೇವೆಯ ಕಾನೂನು ಬಂತು. ಜೂನ್ 5ರಂದು ಒಂದೇ ದಿನ ಇಪ್ಪತ್ತೊಂದರಿಂದ ಮೂವತ್ತು ವರ್ಷದ ಗಂಡಸರೆಲ್ಲ ಹೆಸರು ಬರೆಸಬೇಕಾಯಿತು. ಸುಮಾರು 96 ಲಕ್ಷ ಜನ. ಜುಲೈ 20ರಂದು ವಾಷಿಂಗ್ಟನ್ನಿನಲ್ಲಿ ಯುದ್ಧ ಖಾತೆಯ ಕಾರ್ಯದರ್ಶಿ ನ್ಯೂಟನ್ ಬೇಕರ್ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗಾಜಿನ ಜಾಡಿಯೊಳಗೆ ಕೈ ಹಾಕಿ ಮೊದಲ ಚೀಟಿ ಎತ್ತಿದರು. 258. ದೇಶದ ಒಂದೊಂದು ನೋಂದಣಿ ಮಂಡಳಿಯಲ್ಲೂ 258ನೇ ನಂಬರಿನ ಹುಡುಗ ಹೊರಡಬೇಕು. ನಮ್ಮಲ್ಲಿ ಚೀಟಿ ಎತ್ತುವುದು ಚೀಟಿ ಹಣಕ್ಕೆ, ದೇವರ ಅಪ್ಪಣೆಗೆ. ಆ ಗಾಜಿನ ಜಾಡಿಯ ಫೋಟೋ ನೋಡುತ್ತಾ ನನ್ನ ಕೈ ತಣ್ಣಗಾಯಿತು.

ಬೇರೆ ದೇಶದಿಂದ ಬಂದವರ ವಿಷಯದಲ್ಲಿ ಕಾನೂನಿಗೆ ಒಂದು ಗೆರೆ ಇತ್ತು. ‘ನಾನು ಇಲ್ಲಿನ ಪ್ರಜೆ ಆಗುತ್ತೇನೆ’ ಎಂದು ಮೊದಲ ಕಾಗದ ಸಲ್ಲಿಸಿದವರನ್ನು ಕರೆಯಬಹುದು, ಸಲ್ಲಿಸದವರನ್ನು ಕರೆಯುವಂತಿಲ್ಲ. ಆದರೆ ಸಲ್ಲಿಸದವನು ‘ನನಗೆ ವಿನಾಯಿತಿ ಇದೆ’ ಎಂದು ತಾನೇ ಬಂದು ಹೇಳಬೇಕು. ಇಂಗ್ಲಿಷ್ ಬಾರದವನು, ನಮೂನೆ ಓದಲಾರದವನು ಎಲ್ಲಿ ಹೋಗಿ ಏನು ಹೇಳುತ್ತಾನೆ? ಹಾಗೆ ಹೇಳಲಾಗದೆ ಸೈನ್ಯಕ್ಕೆ ಹೋದವರೂ ಬಹಳ ಜನ. ವೀಸಾ ನಮೂನೆಯ ಒಂದು ಚೌಕದಲ್ಲಿ ತಪ್ಪು ಗುರುತು ಹಾಕಿ ಎಂಟು ತಿಂಗಳು ಒದ್ದಾಡಿದವಳು ನಾನು. ಇಂಗ್ಲಿಷ್ ಓದಿದವಳಿಗೇ ಆ ಗತಿ. ಒಟ್ಟಿನಲ್ಲಿ ಸುಮಾರು ಐದು ಲಕ್ಷ ವಲಸಿಗರು ಆ ಯುದ್ಧದಲ್ಲಿ ಅಮೆರಿಕದ ಸಮವಸ್ತ್ರ ಹಾಕಿದರು. ಸೈನ್ಯದ ನೂರಕ್ಕೆ 18 ಮಂದಿ ಹೊರಗೆ ಹುಟ್ಟಿದವರು.

ಒಂದು ಸೈನ್ಯದಿಂದ ತಪ್ಪಿಸಿಕೊಳ್ಳಲೆಂದು ಸಮುದ್ರ ದಾಟಿದ ಕ್ರೊಟೊಶಿನ್ಸ್ಕಿಯನ್ನು ಇನ್ನೊಂದು ಸೈನ್ಯ ಕರೆಯಿತು.

ತರಬೇತಿಗೆ ಅವನನ್ನು ಕಳಿಸಿದ್ದು ಲಾಂಗ್ ಐಲ್ಯಾಂಡಿನ ಯಾಪ್ಹ್ಯಾಂಕ್ ಹತ್ತಿರದ ಕ್ಯಾಂಪ್ ಅಪ್ಟನ್‌ಗೆ. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಬೇಸಿಗೆಯಲ್ಲಿ ನಾವು ಸ್ಮಿತ್ ಪಾಯಿಂಟಿನ ಕಡಲ ದಂಡೆಗೆ ಹೋಗುವ ರಸ್ತೆಯ ಪಕ್ಕದಲ್ಲೇ ಇದೆ ಆ ಜಾಗ. ಈಗ ಅದು ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯ. ಎಷ್ಟೋ ಸಲ ಆ ಗೇಟಿನ ಮುಂದೆ ಮೊಸರನ್ನದ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ದಾಟಿದ್ದೇನೆ. ಹೋದ ತಿಂಗಳು ಬೇಕೆಂದೇ ಆ ಕಡೆ ಹೋಗಿ ಕಾರು ಪಕ್ಕಕ್ಕೆ ಹಾಕಿಸಿ ಇಳಿದೆ. ಕುಳ್ಳ ಪೈನ್ ಮರಗಳು, ಒಣಗಿದ ಸೂಜಿಯೆಲೆ, ಕಾಲಿಟ್ಟರೆ ಒಳಗೆ ಹೋಗುವ ಬೂದು ಮರಳು. ಆ ಮರಳಿನ ಮೇಲೆ ಅವನು ಎಡ ಬಲ ಹೆಜ್ಜೆ ಕಲಿತ. ಮಗ ಕಾರಿನಿಂದ ಇಳಿಯಲಿಲ್ಲ, ಕಿಟಕಿ ಇಳಿಸಿ ನನ್ನನ್ನೇ ನೋಡುತ್ತಿದ್ದ.

ಅವನಿದ್ದದ್ದು 77ನೇ ಡಿವಿಷನ್ನಿನ 307ನೇ ಪದಾತಿ ರೆಜಿಮೆಂಟಿನ ಕೆ ಕಂಪನಿಯಲ್ಲಿ. ಆ ಡಿವಿಷನ್ನಿನಲ್ಲಿ 42 ಭಾಷೆ ಕೇಳುತ್ತಿತ್ತು ಅನ್ನುತ್ತಾರೆ. ನ್ಯೂಯಾರ್ಕಿನ ದರ್ಜಿಗಳು, ತಳ್ಳುಗಾಡಿಯವರು, ಗುಮಾಸ್ತರು, ಹಡಗುಕಟ್ಟೆಯ ಕೂಲಿಗಳು. ಇಟಲಿ, ಪೋಲೆಂಡ್, ರಷ್ಯಾ, ಐರ್ಲೆಂಡ್, ಚೀನಾದಿಂದ ಬಂದವರೂ ಅವರ ಮಕ್ಕಳೂ. ಡಿವಿಷನ್ನಿನ ಗುರುತು ನೀಲಿ ಬಟ್ಟೆಯ ಮೇಲೆ ಲಿಬರ್ಟಿ ಪ್ರತಿಮೆ. ಹಡಗಿನಲ್ಲಿ ಬರುವಾಗ ದೂರದಿಂದ ಕಂಡಿದ್ದ ಪ್ರತಿಮೆಯೇ ಅವರ ಗುರುತಾಯಿತು. 1918ರ ವಸಂತದಲ್ಲಿ ಅವರು ಹಡಗು ಹತ್ತಿದರು, ಬಂದ ದಾರಿಯಲ್ಲೇ ವಾಪಸ್.

1918ರ ಅಕ್ಟೋಬರ್ 2. ಫ್ರಾನ್ಸಿನ ಅರ್ಗಾನ್ ಕಾಡು. ಮೇಜರ್ ಚಾರ್ಲ್ಸ್ ವಿಟ್ಲ್‌ಸಿ ಎಂಬ ನ್ಯೂಯಾರ್ಕಿನ ವಕೀಲರ ಕೈಕೆಳಗೆ ಸುಮಾರು 550 ಜನ ಒಂದು ಕಣಿವೆಗೆ ಇಳಿದರು. ಅಕ್ಕಪಕ್ಕದ ಪಡೆಗಳೂ ಜೊತೆಗೆ ಮುಂದೆ ಬರಬೇಕಿತ್ತು, ಬರಲಾಗಲಿಲ್ಲ. ಕೆ ಕಂಪನಿ ಮಾತ್ರ ರಾತ್ರಿಯಲ್ಲಿ ಬಂದು ಸೇರಿಕೊಂಡಿತು. ಬೆಳಗಾಗುವಷ್ಟರಲ್ಲಿ ಜರ್ಮನ್ನರು ಸುತ್ತಲೂ ಮುತ್ತಿದ್ದರು.

ಐದು ದಿನ. ಜೊತೆಗಿದ್ದ ಆಹಾರ ಬೇಗನೆ ಮುಗಿಯಿತು. ನೀರು ಕೆಳಗಿನ ತೊರೆಯಲ್ಲಿ ಕಾಣುತ್ತದೆ, ಇಳಿದವನನ್ನು ಗುರಿಕಾರರು ಹೊಡೆಯುತ್ತಾರೆ. ಸತ್ತವರ ಗಾಯದ ಪಟ್ಟಿ ಬಿಚ್ಚಿ ಬದುಕಿದವರಿಗೆ ಕಟ್ಟಿದರು. ವಿಮಾನದಿಂದ ಎಸೆದ ಊಟದ ಗಂಟುಗಳು ಜರ್ಮನ್ನರ ಕಡೆ ಬಿದ್ದವು. 4ನೇ ತಾರೀಖು ತಮ್ಮದೇ ಕಡೆಯ ಫಿರಂಗಿಗಳು ಜಾಗ ತಪ್ಪಿ ಇವರ ಮೇಲೆಯೇ ಗುಂಡು ಸುರಿಸಿದವು. ಆಗ ಚೀಟಿ ಹೊತ್ತು ಹಾರಿದ ಪಾರಿವಾಳ ಶೆರ್ ಆಮಿಯ ಹೆಸರು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿ ಒಂಟಿ ಕಾಲಿನಲ್ಲಿ ಗಾಜಿನ ಹಿಂದೆ ನಿಂತಿದೆ. ಮಗನ ಐದನೇ ಕ್ಲಾಸಿನ ರಜೆಯಲ್ಲಿ ನಾವೂ ನೋಡಿ ಬಂದಿದ್ದೆವು. ಅದೇ ಕಣಿವೆಯಲ್ಲಿ ಒಬ್ಬ ಬ್ರಾಂಕ್ಸಿನ ಕ್ಷೌರಿಕ ಇದ್ದ ಎಂದು ಅವತ್ತು ನನಗೆ ಗೊತ್ತಿರಲಿಲ್ಲ.

ಕಣಿವೆಯಿಂದ ಸುದ್ದಿ ಹೊರಗೆ ಮುಟ್ಟಿಸಲು ಹೋದವರು ಒಬ್ಬರ ಹಿಂದೆ ಒಬ್ಬರು ಗುಂಡಿಗೆ ಬಿದ್ದರು, ಇಲ್ಲವೇ ಗಾಯಗೊಂಡು ತೆವಳಿಕೊಂಡು ವಾಪಸ್ ಬಂದರು. ಪಾರಿವಾಳಗಳೂ ಮುಗಿದಿದ್ದವು. ಇನ್ನು ಯಾರು ಹೋಗುತ್ತೀರಿ ಎಂಬ ಮಾತು ಬಂತು. ಕ್ರೊಟೊಶಿನ್ಸ್ಕಿ ಒಪ್ಪಿಕೊಂಡ.

ಈ ಜಾಗದಲ್ಲಿ ನಾನು ಬಹಳ ದಿನ ನಿಂತುಬಿಟ್ಟಿದ್ದೇನೆ. ಇಪ್ಪತ್ತಾರು ವರ್ಷದ ಆ ಬದುಕಿನಲ್ಲಿ ಸೈನ್ಯದ ವಿಷಯದಲ್ಲಿ ಯಾರೂ ಅವನನ್ನು ಒಂದು ಮಾತು ಕೇಳಿರಲಿಲ್ಲ. ತ್ಸಾರ್ ದೊರೆ ಕೇಳಲಿಲ್ಲ. ನ್ಯೂಯಾರ್ಕಿನ ನೋಂದಣಿ ಮಂಡಳಿ ಕೇಳಲಿಲ್ಲ. ಕ್ಯಾಂಪಿನಲ್ಲಿ, ಹಡಗಿನಲ್ಲಿ, ಕಾಡಿನಲ್ಲಿ, ಎಲ್ಲ ಕಡೆ ಹೇಳಿದ್ದು ‘ನಡೆ’ ಅಂತ. ಹೋಗುತ್ತೀಯಾ ಎಂದು ಕೇಳಿದ್ದು ಅಲ್ಲಿ, ಹೋದವರೆಲ್ಲ ಸತ್ತೋ ಗಾಯಗೊಂಡೋ ಬಿದ್ದ ಮೇಲೆ. ಇಲ್ಲ ಅಂದಿದ್ದರೆ ಯಾರೂ ತಪ್ಪು ಎಣಿಸುತ್ತಿರಲಿಲ್ಲ. ಅವನು ಹೂಂ ಅಂದ. ಅಪ್ಪನ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇದೊಂದೇ. ಬಲವಂತದಿಂದ ಸಮವಸ್ತ್ರ ಹಾಕಿಸಬಹುದು, ಹಡಗು ಹತ್ತಿಸಬಹುದು. ಆದರೆ ಆ ಹೂಂ ಅನ್ನುವುದನ್ನು ಯಾವ ಸರ್ಕಾರವೂ ಹುಡುಗನ ಬಾಯಿಂದ ಹೊರಡಿಸಲಾರದು.

ಅಕ್ಟೋಬರ್ 7ರ ಬೆಳಗಿನ ಜಾವ ಹೊರಟ. ಬಯಲಲ್ಲಿ ಓಡಿದ, ಪೊದೆಯಲ್ಲಿ ಹೊಟ್ಟೆಯ ಮೇಲೆ ತೆವಳಿದ. ಒಂದು ಕಡೆ ಪೊದೆಯೊಳಗೆ ಮಲಗಿದ್ದಾಗ ಜರ್ಮನ್ ಸೈನಿಕರು ಅಲ್ಲೇ ನಡೆದುಹೋದರು, ಒಬ್ಬನ ಬೂಟು ಇವನ ಬೆರಳುಗಳ ಮೇಲೆ ಬಿತ್ತು. ಇದು ಆಮೇಲೆ ಅವನೇ ಹೇಳಿಕೊಂಡದ್ದು. ಹೆಣದಂತೆ ಬಿದ್ದಿದ್ದ, ಉಸಿರು ಬಿಡಲಿಲ್ಲ. ಕ್ಷೌರದವನ ಬೆರಳು ಅದು. ಕತ್ತರಿ ಹಿಡಿಯುವ, ಕತ್ತಿ ಮಸೆಯುವ, ಗಿರಾಕಿಯ ಗದ್ದವನ್ನು ಮೆಲ್ಲನೆ ಮೇಲೆತ್ತುವ ಬೆರಳು. ನಮ್ಮ ಬೀದಿಯ ಕೊನೆಯಲ್ಲಿ ಕ್ಷೌರದ ಅಂಗಡಿ ಇಟ್ಟಿರುವ, ತಾಷ್ಕೆಂಟಿನಿಂದ ಬಂದ ವಯಸ್ಸಾದ ಯಹೂದಿಯೊಬ್ಬರು ಮಗನ ಕಿವಿಯ ಹಿಂದೆ ಕತ್ತಿ ಆಡಿಸುವಾಗ ಹೆಬ್ಬೆರಳಿನಿಂದ ಚರ್ಮವನ್ನು ಹೇಗೆ ಬಿಗಿ ಹಿಡಿಯುತ್ತಾರೆ ಎಂದು ಹೋದ ಶನಿವಾರ ಕಣ್ಣು ಕೀಳದೆ ನೋಡಿದೆ. ಆ ಬೆರಳಿನ ಮೇಲೆ ಮೊಳೆ ಹೊಡೆದ ಬೂಟು, ಮನುಷ್ಯನೊಬ್ಬನ ಭಾರ.

ಸಂಜೆಯ ಹೊತ್ತಿಗೆ ಇಂಗ್ಲಿಷ್ ಮಾತು ಕಿವಿಗೆ ಬಿತ್ತು. ಈಗ ಬೇರೆ ತೊಡಕು. ಆ ದಿನದ ಸಂಕೇತ ಪದ ಅವನಿಗೆ ಗೊತ್ತಿಲ್ಲ. ಕತ್ತಲಲ್ಲಿ ಜರ್ಮನ್ನರ ಕಡೆಯಿಂದ ತೆವಳಿ ಬರುವವನನ್ನು ಯಾರು ನಂಬುತ್ತಾರೆ? ಹಲೋ, ಹಲೋ ಎಂದು ಕೂಗಿದನಂತೆ. ಬದುಕಿದ. ಒಂದಿಷ್ಟು ತಿಂದು, ಸಹಾಯಕ್ಕೆ ಹೊರಟವರಿಗೆ ದಾರಿ ತೋರಿಸುತ್ತಾ ಬಂದ ಕಣಿವೆಗೇ ವಾಪಸ್ ಹೋದ. ಅವನೊಬ್ಬನೇ ದಾಟಿದ್ದು ಎಂದು ನಾನು ಹೇಳುವುದಿಲ್ಲ, ಆ ಹೊತ್ತಿನಲ್ಲಿ ಬೇರೆಯವರೂ ದಾಟಿ ಬಂದಿದ್ದರು. 550 ಜನರಲ್ಲಿ ತಮ್ಮ ಕಾಲಿನ ಮೇಲೆ ನಡೆದು ಹೊರಗೆ ಬಂದವರು 194.

ಅವನಿಗೆ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಕೊಟ್ಟರು. ಈ ದೇಶದಲ್ಲಿ ಅದಕ್ಕಿಂತ ಮೇಲಿನ ಶೌರ್ಯ ಪದಕ ಒಂದೇ ಒಂದು.

ಅಪ್ಪ ಇಲ್ಲಿಯವರೆಗೆ ಕೇಳಿ, "ಆಮೇಲೆ ಪೆನ್ಶನ್ ಏನು ಕೊಟ್ರು?" ಅಂದರು. ಸಿಪಾಯಿಗಳು ಕೇಳುವ ಪ್ರಶ್ನೆ. ಪದಕ ಗೋಡೆಗೆ, ಪೆನ್ಶನ್ ಒಲೆಗೆ.

ಯುದ್ಧ ಮುಗಿದ ಮೇಲೆ ಕ್ರೊಟೊಶಿನ್ಸ್ಕಿ ಬೇಸಾಯ ಮಾಡುತ್ತೇನೆ ಎಂದು ಪ್ಯಾಲೆಸ್ತೀನಿಗೆ ಹೋದ. ಪ್ಯಾಲೆಸ್ತೀನ್ ಅಂದ ತಕ್ಷಣ ಅಪ್ಪ ನಡುವೆ ಬಾಯಿ ಹಾಕಿದರು. "ಹೈಫಾ ಕಡೆನಾ?" ನನಗೆ ಏಳೋ ಎಂಟೋ ವರ್ಷ ಇದ್ದಾಗ ಬೆಂಗಳೂರಿನ ಜೆ.ಸಿ. ನಗರದ ಹತ್ತಿರ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ನಿಲ್ಲಿಸಿ, ಚಪ್ಪಲಿ ಬಿಡಿಸಿ, ಕೈ ಮುಗಿಸಿದ್ದರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಕುದುರೆ ಸವಾರರು ಹೈಫಾ ಪಟ್ಟಣ ಗೆದ್ದುಕೊಂಡ ಕಥೆ ಅಪ್ಪನಿಗೆ ಬಾಯಿಪಾಠ. ಆಗ ಲೆಕ್ಕ ಹಾಕಿದೆ. ನಮ್ಮವರು ಹೈಫಾ ಹೊಕ್ಕ ಒಂಬತ್ತೇ ದಿನಕ್ಕೆ ಆ ಕ್ಷೌರಿಕನ ಸೈನ್ಯ ಅರ್ಗಾನಿನ ಕಣಿವೆಗೆ ಇಳಿದದ್ದು. ಮೈಸೂರಿನ ಸವಾರರು ಹೋರಾಡಿದ ನಾಡಿಗೇ ಅವನು ಆಮೇಲೆ ಉಳುಮೆಗೆ ಹೋದದ್ದು. ಅಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಲ್ಲಿಂದ ಮುಂದೆ ಅವನನ್ನು ‘ಆ ಹುಡುಗ’ ಅನ್ನತೊಡಗಿದರು.

ಬೇಸಾಯ ಕೈ ಹತ್ತಲಿಲ್ಲ. ನ್ಯೂಯಾರ್ಕಿಗೆ ವಾಪಸ್ ಬಂದ. ಕೆಲಸ ಸಿಗಲಿಲ್ಲ. ಪದಕದವನಿಗೆ ಕೆಲಸವಿಲ್ಲ ಎಂಬ ಸುದ್ದಿ ಅಧ್ಯಕ್ಷ ಕೂಲಿಜ್ ಅವರ ತನಕ ಹೋಗಿ, ಅವರ ವಿಶೇಷ ಆದೇಶದ ಮೇಲೆ ಅಂಚೆ ಇಲಾಖೆಯಲ್ಲಿ ಒಂದು ನೌಕರಿ ಸಿಕ್ಕಿತು. 1953ರಲ್ಲಿ ತೀರಿಕೊಂಡ. ಕಣಿವೆಯಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡಿಕೊಂಡು ಬಂದ ಮೇಜರ್ ವಿಟ್ಲ್‌ಸಿ ಅಷ್ಟು ದಿನವೂ ಬದುಕಲಿಲ್ಲ. 1921ರ ನವೆಂಬರಿನಲ್ಲಿ, ಅಜ್ಞಾತ ಸೈನಿಕನ ಶವಸಂಸ್ಕಾರದಲ್ಲಿ ಪಾಲ್ಗೊಂಡ ಸುಮಾರು ಎರಡು ವಾರಕ್ಕೆ, ಹವಾನಾಕ್ಕೆ ಹೊರಟ ಹಡಗಿನಿಂದ ರಾತ್ರಿ ಕಣ್ಮರೆಯಾದರು. ಆ ಕಣಿವೆ ಅವರನ್ನು ಬಿಟ್ಟಿರಲಿಲ್ಲ ಎಂದೇ ನನ್ನ ನಂಬಿಕೆ.

ಕ್ರೊಟೊಶಿನ್ಸ್ಕಿಯ ಬಗ್ಗೆ ಓದುವಾಗಲೆಲ್ಲ ನನಗೆ ಇನ್ನೊಬ್ಬರು ನೆನಪಾಗುತ್ತಿದ್ದರು, ಭಗತ್ ಸಿಂಗ್ ಥಿಂಡ್. ಅಮೃತಸರದ ಕಡೆಯ ಸಿಖ್ಖರು, 1913ರಲ್ಲಿ ಅಮೆರಿಕಕ್ಕೆ ಬಂದವರು, ಓರೆಗಾನಿನ ಮರದ ಮಿಲ್ಲುಗಳಲ್ಲಿ ದುಡಿದವರು. 1918ರಲ್ಲಿ ಇದೇ ಸೈನ್ಯ ಸೇರಿ, ಪೇಟ ಕಟ್ಟಿಕೊಂಡೇ ಕ್ಯಾಂಪ್ ಲೂಯಿಸ್‌ನಲ್ಲಿ ಕವಾಯತು ಮಾಡಿದರು. ಡಿಸ್ಚಾರ್ಜ್ ಕಾಗದದಲ್ಲಿ ನಡತೆ ‘ಅತ್ಯುತ್ತಮ’ ಎಂದು ಬರೆದುಕೊಟ್ಟರು. 1918ರ ಡಿಸೆಂಬರಿನಲ್ಲಿ ಪೌರತ್ವ ಕೊಟ್ಟು ನಾಲ್ಕೇ ದಿನಕ್ಕೆ ಕಿತ್ತುಕೊಂಡರು. ಇನ್ನೊಂದು ಕೋರ್ಟು 1920ರಲ್ಲಿ ಮತ್ತೆ ಕೊಟ್ಟಿತು. 1923ರಲ್ಲಿ ಸುಪ್ರೀಂ ಕೋರ್ಟು, ಇವರು ಬಿಳಿಯರಲ್ಲ, ಹಾಗಾಗಿ ಪ್ರಜೆ ಆಗಲು ಸಲ್ಲರು ಎಂದು ತೀರ್ಪು ಕೊಟ್ಟಿತು. ಪೌರತ್ವ ಅವರ ಕೈಯಲ್ಲಿ ಉಳಿದದ್ದು 1936ರಲ್ಲಿ, ಮಾಜಿ ಸೈನಿಕರಿಗೆಂದು ಬಂದ ಹೊಸ ಕಾನೂನಿನಿಂದ. 1924ರಲ್ಲಂತೂ ವಲಸೆಯ ಬಾಗಿಲೇ ಮುಚ್ಚಿತು. ಇಡೀ ಪೋಲೆಂಡಿಗೆ ವರ್ಷಕ್ಕೆ ಆರು ಸಾವಿರಕ್ಕಿಂತ ಕಡಿಮೆ ಜನ, ನಮ್ಮ ಕಡೆಯವರಿಗೆ ಪೂರ್ತಿ ಬಂದ್. ಅರ್ಗಾನ್ ಕಾಡಿನಲ್ಲಿ ಪೋಲೆಂಡಿನ ಹುಡುಗರನ್ನು ಹೂತು ಆಗ ಆರು ವರ್ಷವೂ ಆಗಿರಲಿಲ್ಲ.

ಈ ಭಾಗ ಹೇಳುವಾಗ ನನಗೆ ದನಿ ಏರಿತು. ಬೇಕು ಅಂದಾಗ ಯಾವ ದೇಶದವನೆಂದು ನೋಡದೆ ಬಂದೂಕು ಕೊಟ್ಟು, ಕೆಲಸ ಮುಗಿದ ಮೇಲೆ ಚರ್ಮದ ಬಣ್ಣ ನೋಡುವುದು ಅನ್ಯಾಯ. ನೂರು ವರ್ಷ ಆಯಿತು ಎಂದು ಅದು ಅನ್ಯಾಯ ಅಲ್ಲದೆ ಹೋಗುವುದಿಲ್ಲ. ಇನ್ನೆರಡು ವರ್ಷಕ್ಕೆ ನಾವೂ ಪೌರತ್ವದ ಅರ್ಜಿ ಹಾಕುವವರು. ಕಾನೂನು ಕೇಳಿದಾಗ ದೇಶಕ್ಕಾಗಿ ಆಯುಧ ಹಿಡಿಯುತ್ತೇನೆ ಎಂಬ ಮಾತು ಆ ಪ್ರಮಾಣವಚನದಲ್ಲೇ ಇದೆ. ನಾನೂ ಕೈ ಎತ್ತಿ ಅದನ್ನು ಹೇಳಬೇಕು.

ಅಪ್ಪ ಸಮಾಧಾನದಿಂದಲೇ ಕೇಳಿಸಿಕೊಂಡರು. ಮೊದಲ ದಿನ, ಸೈನ್ಯ ಬೇಡ ಎಂದು ಊರು ಬಿಟ್ಟು ಓಡಿ ಬಂದವನು ಎಂದಾಗ ಅವರ ದನಿ ಗಡುಸಾಗಿತ್ತು. "ಓಡಿ ಬಂದೋನು ಸಿಪಾಯಿ ಆಗಲ್ಲ ಕಣವ್ವ" ಅಂದಿದ್ದರು. ಈಗ ಅದನ್ನು ನೆನಪಿಸಿದೆ. ಸ್ವಲ್ಪ ಕೆಮ್ಮಿದರು. ಆಮೇಲೆ ನಿಧಾನಕ್ಕೆ ಹೇಳಿದರು. "ನಾನು ಭರ್ತಿಗೆ ಹೋದಾಗ ಮನೇಲಿ ಏಳು ಜನ, ಗದ್ದೆ ಒಂದು ಎಕರೆ. ನೀವೆಲ್ಲ ನಾನು ಇಷ್ಟಪಟ್ಟು ಹೋದೆ ಅಂದ್ಕೊಂಡಿದೀರಿ. ನನ್ನನ್ನೂ ಯಾರೂ ಕೇಳಿರಲಿಲ್ಲ ಕಣವ್ವ. ಒಂದು ಸಲ ಸೇತುವೆ ಕೆಲಸದಲ್ಲಿ ಇದ್ದಾಗ, ನೀರಿಗೆ ಯಾರು ಇಳೀತೀರಿ ಅಂತ ಸಾಹೇಬ್ರು ಕೇಳಿದ್ರು. ಅವತ್ತೊಂದು ದಿನ."

ಆ ಸೇತುವೆಯ ಮಾತನ್ನು ಅಪ್ಪ ನಲವತ್ತು ವರ್ಷದಲ್ಲಿ ನಮ್ಮ ಮುಂದೆ ಎತ್ತಿದವರೇ ಅಲ್ಲ. ಇಳಿದಿರಾ ಅಪ್ಪ ಎಂದು ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ಅವರೇ, "ಹುಡುಗ ಮನೇಲಿದ್ದಾನಾ? ಫೋನು ಅವನ ಕೈಗೆ ಕೊಡು" ಅಂದರು. ಕೋಣೆಗೆ ಹೋಗಿ ಕೊಟ್ಟೆ. ಮಗ ಅರೆಬರೆ ಕನ್ನಡದಲ್ಲಿ, "ಹಾಂ ಅಜ್ಜ, ಹೇಳಿ" ಅನ್ನುತ್ತಾ ಮಂಚದ ಮೇಲೆ ಎದ್ದು ಕೂತ. ನಾನು ಬಾಗಿಲು ಮುಂದೆ ಮಾಡಿಕೊಂಡು ಬಂದೆ. ಒಂದು ಗಂಟೆಯಾದರೂ ಮಾತು ಮುಗಿದಿರಲಿಲ್ಲ.